ಕೊನೆಯ ಸಾಲಿನ ತಪ್ಪು

ನಾನು ನರಸೀಪುರದ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಾಗ ಪ್ರತಿ ವರ್ಷದ ಕೊನೆಗೆ ನಡತೆಯ ಪ್ರಮಾಣಪತ್ರಗಳ ಕೆಲಸ ಬರುತ್ತಿತ್ತು. ಅಚ್ಚಾದ ನಮೂನೆಯಲ್ಲಿ ‘ಹೀ’, ‘ಶೀ’ ಎರಡೂ ಇರುತ್ತಿದ್ದವು. ಬೇಡದ್ದನ್ನು ಹೊಡೆದುಹಾಕಬೇಕು. ನನ್ನ ಕೈಗೆ ಆಯಾಸವಾಗದಿರಲೆಂದು ಅಟೆಂಡರ್ ಮಹೇಂದ್ರ ಮೊದಲೇ ಸ್ಕೇಲು ಇಟ್ಟು ಗೀಟು ಎಳೆದು, ಹುಡುಗರದೊಂದು ಕಟ್ಟು, ಹುಡುಗಿಯರದೊಂದು ಕಟ್ಟು ಮಾಡಿ ಮೇಜಿನ ಮೇಲೆ ಇಟ್ಟಿರುತ್ತಿದ್ದ. ನಾನು ಪ್ರತಿಯೊಂದರ ಕೊನೆಗೆ ಕೈಯಾರೆ ಒಂದು ಹಾರೈಕೆಯ ಸಾಲು ಬರೆದು ಸಹಿ ಹಾಕುತ್ತಿದ್ದೆ. ಇಪ್ಪತ್ತೆಂಟು ವರ್ಷ ಅದೇ ಸಾಲು.

ಕಳೆದ ತಿಂಗಳು ಒಂದು ಗುರುವಾರ ನಯನ ನಂಜನಗೂಡಿನ ನಮ್ಮ ಮನೆಗೆ ಬಂದಾಗ ಇದೆಲ್ಲ ನೆನಪಾಯಿತು. ನನ್ನ ಕೊನೆಯ ಬ್ಯಾಚಿನ ಮಗು ಅದು. ಆಗ ಉದ್ದ ಜಡೆ, ಈಗ ಕ್ರಾಪು, ತೋಳು ಮಡಚಿದ ಷರ್ಟು. ಅಜ್ಜಿ ಹಾಕಿಸಿದ್ದ ಚಿಕ್ಕ ಓಲೆ ಮಾತ್ರ ಕಿವಿಯಲ್ಲಿ ಹಾಗೇ ಇತ್ತು.

“ಮೈಸೂರಲ್ಲಿ ಒಂದು ಕೆಲ್ಸ ಇದೆ ಮೇಡಂ. ಮಕ್ಕಳ ಇಂಗ್ಲಿಷ್ ಪುಸ್ತಕ ತಿದ್ದೋದು. ಕಲಿಸಿದೋರ ಕೈಲಿ ಒಂದು ಪತ್ರ ಬರೆಸ್ಕೊಂಡು ಶನಿವಾರದೊಳಗೆ ಕೊಡ್ಬೇಕು.”

“ಅದಕ್ಕೇನು, ಈಗಲೇ ಬರೀತೀನಿ.”

“ಅದರಲ್ಲಿ ಶೀ ಅಂತ ಬೇಡ ಮೇಡಂ. ಹೀ ಅಂತಾನೂ ಬೇಡ. ದೇ ಅಂತ ಬರೀತೀರಾ?”

ಹೆಣ್ಣೆಂದೋ ಗಂಡೆಂದೋ ಕರೆಸಿಕೊಳ್ಳಲು ಒಪ್ಪದವರನ್ನು, ಒಬ್ಬರೇ ಆದರೂ, ಇಂಗ್ಲಿಷಿನವರು ಈಗ ‘ದೇ’ ಎನ್ನುವುದನ್ನು ಪೇಪರಿನಲ್ಲಿ ಓದಿದ್ದೆ. ಅಂಥವರೊಬ್ಬರು ನನ್ನ ಬೆತ್ತದ ಕುರ್ಚಿಯ ತುದಿಯಲ್ಲಿ ಕೂತು, ಬೇಡವೆಂದರೆ ಎದ್ದು ಹೋಗಲು ಸಿದ್ಧವಾಗಿ ಕಾಯುತ್ತಾರೆಂದು ಎಣಿಸಿರಲಿಲ್ಲ.

“ಹಾಗೆ ಬರೆದೋರಿಗೆಲ್ಲ ಕೆಂಪು ಇಂಕಲ್ಲಿ ಸುತ್ತು ಹಾಕ್ತಿದ್ದೋಳು ನಾನು.”

“ಗೊತ್ತು ಮೇಡಂ. ನನ್ ಪೇಪರ್ ನೋಡಿ ಪಕ್ಕದ ಬೆಂಚಿನ ಅಮೃತೇಶ್ ‘ಏನ್ ನಯನ, ನಿನ್ ಪೇಪರ್ಗೆ ಕುಂಕುಮಾರ್ಚನೆ ಆಗ್ಯದೆ’ ಅಂತಿದ್ದ.”

ಇಬ್ಬರೂ ನಕ್ಕೆವು. ನಕ್ಕ ಮೇಲೆ ನಯನ ಹೇಳಿತು, ಹಿಂದಿನ ಆಫೀಸಿನಲ್ಲಿ ಸೇರಿ ಆರು ತಿಂಗಳಾದ ಮೇಲೆ ತಾನೇ ವಿಷಯ ತಿಳಿಸಿತ್ತಂತೆ. ಅಲ್ಲಿಂದ ಊಟದ ಹೊತ್ತಿನಲ್ಲಿ ಯಾರೂ ಪಕ್ಕದಲ್ಲಿ ಕೂರಲಿಲ್ಲವಂತೆ. “ಕೊನೆಗೆ ಬಿಟ್ಬಿಟ್ಟೆ. ಈ ಸಲ ಮೊದಲ್ನೇ ಕಾಗದದಲ್ಲೇ ಗೊತ್ತಾಗ್ಲಿ. ಬೇಡ ಅನ್ನೋರು ಆಗ್ಲೇ ಅನ್ಲಿ. ಒಳಗೆ ಕರ್ಕೊಂಡು ಆಮೇಲೆ ಅನ್ನೋದು ಬೇಡ.”

ನಾನು ಕಾರ್ಬನ್ ಹಾಳೆ ಇಟ್ಟುಕೊಂಡು ಬರೆಯಲು ಕೂತೆ. ಟೈಪು ಮಾಡಿಸುವ ಅಭ್ಯಾಸ ನನಗೆ ಬರಲೇ ಇಲ್ಲ. ಪ್ರತಿ ವಾಕ್ಯದಲ್ಲೂ ತಡೆದು ತಡೆದು ‘ದೇ’ ಬರೆದೆ. ಅಷ್ಟರಲ್ಲಿ ಮಗು ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಕೇಳದೆಯೇ ಹುಡುಕಿಕೊಂಡು, ಕಾಫಿ ಮಾಡಿ ತಂದಿಟ್ಟಿತು. ಪತ್ರವನ್ನು ಓದಿ, ಕೆಳಭಾಗಕ್ಕೆ ಬಂದಾಗ ಒಂದು ಗಳಿಗೆ ನಿಂತು, “ತುಂಬ ಚೆನ್ನಾಗಿದೆ ಮೇಡಂ” ಎಂದು ಮಡಚಿಕೊಂಡಿತು. ಕಾಲು ಮುಟ್ಟಿ ಹೊರಟಿತು.

ಮರುದಿನ ಬೆಳಿಗ್ಗೆ ನಕಲನ್ನು ಫೈಲಿಗೆ ಸೇರಿಸುವಾಗ ಕಣ್ಣಾಡಿಸಿದೆ. ಕೊನೆಯ ಹಾರೈಕೆಯ ಸಾಲಿನಲ್ಲಿ ನನ್ನ ಕೈ ತಾನಾಗಿಯೇ ‘ಹರ್’ ಎಂದು ಬರೆದಿತ್ತು. ಹುಡುಗಿಯರ ಕಟ್ಟಿಗೆ ಬರೆದೂ ಬರೆದೂ ರೂಢಿಯಾಗಿದ್ದ ಸಾಲು! ಆ ಮಗು ಓದುತ್ತಾ ನಿಂತ ಗಳಿಗೆ ಯಾವುದೆಂದು ಆಗ ತಿಳಿಯಿತು.

ಹೊಸದಾಗಿ ಬರೆದು, ಮೂರು ಸಲ ಓದಿ, ಕವರಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಆ ದಾರಿಯಲ್ಲಿ ಹೋಗದೆ ಏಳು ವರ್ಷವಾಗಿತ್ತು. ಹಿಂದೆಲ್ಲ ಕಂಡಕ್ಟರ್ ನಂಜೇಶ್ ಡ್ರೈವರ್ ಹಿಂದಿನ ಕಿಟಕಿಯ ಸೀಟಿನ ಮೇಲೆ ತನ್ನ ಟವೆಲ್ ಹಾಸಿ, “ಇದು ಇಂಗ್ಲಿಷ್ ಮೇಡಂ ಸೀಟು, ಏಳಿ ಸಾ” ಎಂದು ಎಬ್ಬಿಸುತ್ತಿದ್ದ. ಆ ಸೀಟಿನಲ್ಲಿ ಕೂತು ಎಷ್ಟು ಸಾವಿರ ಉತ್ತರಪತ್ರಿಕೆ ತಿದ್ದಿದೆನೋ. ಬಸ್ಸು ಕುಲುಕಿದಾಗ ಕೆಂಪು ಗೆರೆ ಸರಿಯಾದ ಪದಗಳ ಮೇಲೂ ಹರಿಯುತ್ತಿತ್ತು. ಈಗಿನ ಕಂಡಕ್ಟರ್ ಹುಡುಗಿ ನನ್ನನ್ನು ಅರಿಯಳು. ಆದರೂ ಮೆಟ್ಟಿಲಲ್ಲಿ ಮೊಣಕೈ ಹಿಡಿದು ಹತ್ತಿಸಿಕೊಂಡಳು.

ನರಸೀಪುರದಲ್ಲಿ ಇಳಿದು ಕೇಳಿಕೊಂಡು ಹೋದೆ. ಮಗುವಿನ ಅಜ್ಜಿ ದೇವೀರಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು.

“ನಮ್ ಮೊಗ ಒಳಗದೆ, ಬನ್ನಿ ಮೇಡಮ್ಮಾರೆ. ನಿನ್ನೆಯಿಂದ ಅದೊಂದು ಕಾಗ್ದ ಮುಂದಿಟ್ಕಂಡು ಕುಂತದೆ. ಒಂದ್ ತುತ್ತು ಉಂಡಿಲ್ಲ. ಏನಾಯ್ತು ಅಂದ್ರೆ ಬಾಯೇ ಬುಡಕಿಲ್ಲ ಅಂತದೆ.”

ನನ್ನನ್ನು ಕಂಡು ನಯನ ಗಾಬರಿಯಿಂದ ಎದ್ದು ನಿಂತಿತು. “ನೀವ್ಯಾಕೆ ಬಂದ್ರಿ ಮೇಡಂ, ಈ ಬಿಸಿಲಲ್ಲಿ!”

“ನಿನ್ನೆಯೇ ಯಾಕೆ ಹೇಳಲಿಲ್ಲ?”

“ಬರೀವಾಗ ನೀವು ಎರಡು ಸಲ ಬೆರಳು ನೀವ್ಕೊಂಡ್ರಿ. ಇನ್ನೊಂದ್ಸಲ ಬರೀರಿ ಅನ್ನೋಕೆ ಮನಸ್ಸು ಬರ್ಲಿಲ್ಲ.”

“ಹಾಗಾದ್ರೆ ಅದನ್ನೇ ಕೊಡ್ತಿದ್ಯಾ?”

ಮಗು ಇಲ್ಲವೆಂದು ತಲೆಯಾಡಿಸಿತು. “ಅರ್ಜಿ ಹಾಕೋದೇ ಬೇಡ ಅಂದ್ಕೊಂಡಿದ್ದೆ. ನೀವೇ ಹಾಗೆ ಬರೆದ್ರೆ, ಇನ್ನು ಅವರ ಹತ್ರ ಯಾವ ಬಾಯಲ್ಲಿ ಕೇಳ್ಲಿ?”

ಕವರು ಕೊಟ್ಟೆ. ನಯನ ನಿಂತೇ ಓದಿತು. ಈ ಸಲ ಕೊನೆಯ ಸಾಲಿಗೆ ಬಂದಾಗ ನಿಲ್ಲಲಿಲ್ಲ. ಅಲ್ಲಿಂದ ಮತ್ತೆ ಮೊದಲಿಗೆ ಹೋಗಿ ಇನ್ನೊಮ್ಮೆ ಓದಿತು.

ನಾನು ಹಳೆಯ ಪತ್ರವನ್ನು ಕೈಗೆ ತೆಗೆದುಕೊಂಡು ಬ್ಯಾಗಿನಲ್ಲಿ ತಡಕಿದೆ. ಕೆಂಪು ಪೆನ್ನು ಇನ್ನೂ ಅದರಲ್ಲೇ ಇತ್ತು. ನನ್ನ ತಪ್ಪಿಗೆ ನಾನೇ ಒಂದು ಸುತ್ತು ಹಾಕಿ, ಪಕ್ಕದಲ್ಲಿ ದಿನಾಂಕ ಬರೆದು ಸಹಿ ಮಾಡಿದೆ.

“ಮಾರ್ಕ್ಸ್ ಎಷ್ಟು ಮೇಡಂ?” ಎಂದಿತು ನಯನ, ಕಣ್ಣು ಒರೆಸಿಕೊಳ್ಳುತ್ತಾ.

“ನೀನೇ ಹಾಕು.”

“ಜಸ್ಟ್ ಪಾಸ್.”

“ಅದೇನ್ ಕಿಸಿತಿದ್ದೀರಿ ಇಬ್ರೂವೆ? ರೊಟ್ಟಿ ಆರೋಯ್ತದೆ” ಎಂದು ದೇವೀರಮ್ಮ ಅಡುಗೆಮನೆಯಿಂದ ಕೂಗಿದರು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿರುವಾಗಲೇ ಮಗು ಎರಡನೆಯ ರೊಟ್ಟಿಗೆ ಕೈ ಚಾಚಿತು.