ಇನ್ನೊಬ್ಬರು ತೆರೆದಿದ್ದಾರೆ

ಆಸ್ಪತ್ರೆಯ ಕಡತಗಳ ವಿಭಾಗದ ಹುಡುಗಿ ಗುಬ್ಬಿ ಮತ್ತೊಮ್ಮೆ ಗುಂಡಿ ಒತ್ತಿದಳು. ಪರದೆಯ ಮೇಲೆ ಅದೇ ಸಾಲು ಮೂಡಿತು: ‘ಈ ಕಡತವನ್ನು ಇನ್ನೊಬ್ಬರು ತೆರೆದಿದ್ದಾರೆ.’

“ಇನ್ನೊಬ್ಬರು ಅಂದ್ರೆ ಯಾರಮ್ಮ?” ಎಂದಳು ಅತ್ತಿಗೆ, ಸತ್ತವಳ ಅಕ್ಕ. “ನನ್ನ ತಂಗಿ ಕಡತ ಇಟ್ಕೊಂಡು ಯಾರಿಗೇನಾಗ್ಬೇಕು?”

“ಅದೇ ಹುಡುಕ್ತಾ ಇದೀನಿ ದೊಡ್ಡಕ್ಕ.”

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶವಾಗಾರದ ಮುಂದಿನ ಚಿಕ್ಕ ಕೋಣೆ ಅದು. ಒಂದು ಮೇಜು, ಒಂದು ಕಂಪ್ಯೂಟರ್, ಎರಡು ಕುರ್ಚಿ, ಗೋಡೆಯುದ್ದಕ್ಕೂ ಉಕ್ಕಿನ ಬಾಗಿಲು. ಬಾಗಿಲ ಆಚೆ ಯಂತ್ರವೊಂದು ಗೊರಕೆ ಹೊಡೆದಂತೆ ಸದ್ದು ಮಾಡಿ ನಿಲ್ಲುತ್ತಿತ್ತು, ಮತ್ತೆ ಮಾಡುತ್ತಿತ್ತು. ವ್ಯಾನಿನವನು ಕೂರಲಿಲ್ಲ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುವವನು ಅವನು. ಬಾಗಿಲ ಆಚೆ ಹೆಣವಾಗಿ ಮಲಗಿದ್ದವಳು ಅವನ ಹೆಂಡತಿ, ಅತ್ತಿಗೆಯ ತಂಗಿ. ಹೆಗಲಿಗೆ ಅವಳ ಕೈಚೀಲ ನೇತುಹಾಕಿಕೊಂಡು ಗೋಡೆಗೆ ಒರಗಿದ್ದ.

“ನಾನೇನೂ ಮಾಡೋ ಹಾಗಿಲ್ಲ ಸ್ವಾಮಿ,” ಎಂದ ಶವಾಗಾರದ ಕಾವಲಿನವನು. “ಕಡತ ಮುಚ್ಚದೆ ಶವ ಬಿಡೋ ಚೀಟಿ ಬರಲ್ಲ. ಚೀಟಿ ಇಲ್ಲದೆ ಈ ಬಾಗಿಲು ತೆಗೆದ್ರೆ ನನ್ನ ಅನ್ನಕ್ಕೆ ಕಲ್ಲು.”

ಗುಬ್ಬಿ ಆಸ್ಪತ್ರೆಗೆ ಕಡತಗಳ ತಂತ್ರಾಂಶ ಮಾರಿದ ಕಂಪನಿಯ ಸಹಾಯದ ಪುಟಗಳನ್ನು ಜಾಲಾಡುತ್ತಿದ್ದಳು. ಕಂಪನಿಗೆ ರಜೆ, ಫೋನು ಮಾಡಿದರೆ ‘ನಮ್ಮ ಲೇಖನಗಳನ್ನು ನೋಡಿ’ ಎನ್ನುವ ದನಿ. ಲೇಖನ ತೆರೆದರೆ ‘ಇದನ್ನು ಬೇರೆಡೆಗೆ ಸರಿಸಲಾಗಿದೆ’. ಬೇರೆಡೆಗೆ ಹೋದರೆ ಹಳೆಯ ಆವೃತ್ತಿಯ ಚಿತ್ರಗಳು, ಈಗ ಇಲ್ಲದ ಗುಂಡಿಗಳು. ಕೊನೆಯಲ್ಲಿ ‘ಇದನ್ನೂ ಓದಿ’ ಎಂದು ಮೊದಲು ತೆರೆದಿದ್ದ ಲೇಖನವೇ.

“ಹಾಡಿದ್ದೇ ಹಾಡೋ ಕಿಸಬಾಯಿ ದಾಸ,” ಎಂದು ಅವಳು ಗೊಣಗಿದಳು. ಮರುಕ್ಷಣ ತುಟಿ ಕಚ್ಚಿಕೊಂಡಳು.

ಅದು ಸತ್ತವಳ ಮಾತು.

* * *

ಮದುವೆಯಾದಾಗಿನಿಂದ ವ್ಯಾನಿನವನು ಆ ಮಾತು ಕೇಳಿದ್ದ. ಆಸ್ಪತ್ರೆಯ ಕಡತಗಳ ವಿಭಾಗ ನೋಡಿಕೊಳ್ಳುತ್ತಿದ್ದವಳಿಗೆ ಯಂತ್ರ ಮೊಂಡಾಟ ಹಿಡಿದ ದಿನವೆಲ್ಲ ಊಟದ ಮೇಜೇ ಕಚೇರಿ. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಅದೇ ಸಹಾಯದ ಪುಟಗಳ ಹುಡುಕಾಟ.

“ಏನಂತಾರೆ ನಿನ್ನ ಪಂಡಿತರು?”

“ಊರಿಗೆ ದಾರಿ ಯಾವುದು ಅಂತ ಕೇಳಿದ್ರೆ, ಊರು ಅಂದ್ರೇನು ಅಂತ ಶುರು ಮಾಡ್ತಾರೆ. ಕೇಳಿ, ‘ತೊಂದರೆ ಮುಂದುವರಿದರೆ ನಿಮ್ಮ ಮೇಲ್ವಿಚಾರಕರನ್ನು ಸಂಪರ್ಕಿಸಿ.’ ಮೇಲ್ವಿಚಾರಕಿ ನಾನೇ ಕಣ್ರೀ. ನನ್ನನ್ನು ನಾನೇ ಹೋಗಿ ಕೇಳ್ಬೇಕಂತೆ.”

ಅವನು ನಗುತ್ತಿದ್ದ. ಆದರೆ ಅವಳು ಬಿಡುವವಳಲ್ಲ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ತಡಕಿದಂತೆ ಅದೇ ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ತಿರುಚಿ ತಿರುಚಿ ಕೇಳುತ್ತಿದ್ದಳು. ಎಲ್ಲೋ ಒಂದು ಕಡೆ ಕೊಕ್ಕೆಗೆ ಸಿಕ್ಕುತ್ತಿತ್ತು. ಅಂದು ಮಾತ್ರ ಅವಳಿಗೆ ಚೆನ್ನಾಗಿ ನಿದ್ದೆ.

* * *

“ಸಿಕ್ತು,” ಎಂದಳು ಗುಬ್ಬಿ. ಆಮೇಲೆ ಓದುತ್ತ ಓದುತ್ತ ಅವಳ ದನಿ ಇಳಿಯಿತು. “‘ತೆರೆದವರೇ ಮುಚ್ಚಬೇಕು. ಬಲವಂತವಾಗಿ ಮುಚ್ಚಿದರೆ ಕಡತ ಅಳಿಸಿಹೋಗಬಹುದು. ಎಚ್ಚರಿಕೆಯ ಸಾಲನ್ನು ಒತ್ತಿದರೆ ತೆರೆದವರ ಫೋನ್ ಸಂಖ್ಯೆ ಕಾಣುತ್ತದೆ. ಅವರಿಗೆ ಕರೆ ಮಾಡಿ.’”

ಬೆಳಗಿನಿಂದ ಕೂತು ತಲೆ ಕೆಟ್ಟಿದ್ದವಳು, ಸಾಲನ್ನು ಒತ್ತಿ, ಕಂಡ ಸಂಖ್ಯೆಯನ್ನು ಮೇಜಿನ ಫೋನಿನಲ್ಲಿ ಹಾಗೇ ಒತ್ತಿದಳು. ಒತ್ತಿ ಮುಗಿಸುವಷ್ಟರಲ್ಲಿ ಅದು ಯಾರದೆಂದು ಅವಳಿಗೆ ಹೊಳೆಯಿತು.

ವ್ಯಾನಿನವನ ಹೆಗಲ ಮೇಲಿನ ಕೈಚೀಲ ರಿಂಗಾಗತೊಡಗಿತು.

ಉಕ್ಕಿನ ಬಾಗಿಲ ಆಚೆಯ ಯಂತ್ರ ಅದೇ ಹೊತ್ತಿಗೆ ಸುಮ್ಮನಾಗಿದ್ದರಿಂದ ಆ ರಿಂಗು ಕೋಣೆಯ ತುಂಬ ಹರಡಿತು. ಅವನು ಚೀಲದಿಂದ ಹೆಂಡತಿಯ ಮೊಬೈಲು ತೆಗೆದು ನೋಡಿದ. ತೆಗೆದುಕೊಳ್ಳಬೇಕೋ ಬೇಡವೋ ತಿಳಿಯದೆ ಕಿವಿಗೆ ಹಿಡಿದ. ಎದುರಿಗೇ ಕೂತ ಹುಡುಗಿಯ ಉಸಿರು ಕೇಳಿಸಿತು.

“ಅದು ಅಕ್ಕನ ಮೇಜಿನ ನಂಬರು, ಭಾವ,” ಎಂದಳು ಗುಬ್ಬಿ, ಫೋನಿನಲ್ಲೇ. “ಕರೆ ಮೊಬೈಲಿಗೆ ಬರೋ ಹಾಗೆ ಇಟ್ಟಿದ್ರು. ಕಡತ ತೆರೆದಿರೋದು ಅಕ್ಕಾನೇ. ನಿನ್ನೆಯಿಂದ.”

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವ್ಯಾನಿನವನ ಮನಸ್ಸಿನಲ್ಲಿದ್ದದ್ದು ಆಗ ಹೊರಬಿತ್ತು. “ನಿನ್ನೆ ಬೆಳಗ್ಗೇನೇ ಹೋದ್ಲು ಅಂತೀರಿ. ನನಗೆ ಸಂಜೆ ತನಕ ಒಬ್ಬರೂ ಒಂದು ಮಾತು ಹೇಳ್ಲಿಲ್ಲ. ಇಷ್ಟು ದೊಡ್ಡ ಆಸ್ಪತ್ರೆ. ಗಂಡ ಅನ್ನೋನು ಒಬ್ಬ ಇದಾನೆ ಅಂತ ಯಾರಿಗೂ ಹೊಳೀಲಿಲ್ವಾ?”

“ಹೊಳೀದೆ ಏನು ಭಾವ. ನಿಮ್ಮ ನಂಬರ್ ಇದ್ದದ್ದು ಆ ಕಡತದಲ್ಲಿ. ಅದು ತೆರೀಲೇ ಇಲ್ಲ. ಅಕ್ಕನ ಮೊಬೈಲಿಗೂ ಬೀಗ. ದೊಡ್ಡಕ್ಕನ ಅಂಗಡಿ ಗೊತ್ತಿತ್ತು ಅಂತ ಆಳು ಕಳಿಸಿದ್ವಿ. ಅಂಗಡಿ ಮುಚ್ಚಿತ್ತು. ಸಂಜೆ ತೆಗೆದ ಮೇಲೇ ನಿಮ್ಮ ನಂಬರ್ ಸಿಕ್ಕಿದ್ದು.” ಅವಳು ಕಣ್ಣೊರೆಸಿಕೊಂಡಳು. “ಎದೆ ಹಿಡಿದ ಹಾಗಿದೆ ಗುಬ್ಬಿ, ಕೆಳಗೆ ಹೋಗಿ ಡಾಕ್ಟರಿಗೆ ತೋರಿಸ್ತೀನಿ, ಒಂದು ಸಣ್ಣ ಕೆಲಸ ಇದೆ ಮುಗಿಸ್ಬಿಡ್ತೀನಿ ಅಂದ್ರು. ನಾನು ನೀರು ತರೋಕೆ ಹೋದೆ.”

ಹೊರಗಿನಿಂದ ಯಾರೋ ಇಣುಕಿ, ಶವ ಸಾಗಿಸುವ ಗಾಡಿ ಇನ್ನು ಕಾಯುವುದಿಲ್ಲ, ಬೇರೆ ಕಡೆಯಿಂದ ಕರೆ ಬಂದಿದೆ ಎಂದರು. ಹೋಗಲಿ ಬಿಡಿ ಎಂಬಂತೆ ಅವನು ಕೈಯಾಡಿಸಿದ.

“ನಡಿ, ಮೇಲೆ ಹೋಗೋಣ,” ಎಂದ ಗುಬ್ಬಿಗೆ.

* * *

ಕೆಲವು ವರ್ಷಗಳ ಹಿಂದೆ ಇದೇ ಆಸ್ಪತ್ರೆಯಿಂದ ಅವನಿಗೊಂದು ಫೋನು ಬಂದಿತ್ತು. ಅವನ ತಾಯಿ ತೀರಿಕೊಂಡ ಸುದ್ದಿ. ವ್ಯಾನಿನ ತುಂಬ ಮಕ್ಕಳು; ಅವನು ತಿರುವಿನಲ್ಲಿದ್ದ. ಕೈಯಲ್ಲಿದ್ದ ಚಕ್ರ ತನ್ನದಲ್ಲವೆನ್ನಿಸಿತು. ವ್ಯಾನು ಕಾಲುದಾರಿ ಹತ್ತಿ ಕಂಬಕ್ಕೆ ಗೇಣು ದೂರದಲ್ಲಿ ನಿಂತಿತು. ಮಕ್ಕಳು ಆಟವೆಂದುಕೊಂಡು ಚಪ್ಪಾಳೆ ತಟ್ಟಿದ್ದರು.

ಅದನ್ನು ಅವನು ಹೆಂಡತಿಯೊಬ್ಬಳಿಗೇ ಹೇಳಿದ್ದ. ಅವಳು ಅವನ ಕೈ ಹಿಡಿದುಕೊಂಡು ಕೂತಿದ್ದಳು. ಬಹಳ ದಿನ ಅವನಿಂದ ತಟ್ಟೆಯ ಅನ್ನ ಕಲಸಲೂ ಆಗುತ್ತಿರಲಿಲ್ಲ.

* * *

ಕಡತಗಳ ವಿಭಾಗದಲ್ಲಿ ದೀಪ ಆರಿಸಿದ್ದರು. ಮೂಲೆಯ ಮೇಜಿನ ಪರದೆಯೊಂದೇ ಬೆಳಗುತ್ತಿತ್ತು. ಕುರ್ಚಿ, ಎದ್ದವರು ಈಗಿಂದೀಗ ಬರುತ್ತಾರೆನ್ನುವ ಹಾಗೆ, ಪಕ್ಕಕ್ಕೆ ತಿರುಗಿತ್ತು. ಗುಬ್ಬಿ ಬಾಗಿಲಲ್ಲೇ ನಿಂತಳು.

“ನೀವೇ ನೋಡಿ ಭಾವ. ನಿನ್ನೆಯಿಂದ ನಾನು ಆ ಮೇಜಿನ ಹತ್ರ ಹೋಗಿಲ್ಲ.”

ಅವನು ಕುರ್ಚಿಯಲ್ಲಿ ಕೂರದೆ ಬಗ್ಗಿ ನೋಡಿದ. ಹೆಂಡತಿಯ ಕಡತ, ಅವಳೇ ತೆರೆದದ್ದು. ‘ತುರ್ತಿಗೆ ಕರೆಯಬೇಕಾದವರು’ ಎಂಬಲ್ಲಿ ಅವನ ಹೆಸರು, ಅವನ ನಂಬರು. ಅದರ ಮುಂದೆ ಹೊಸದಾಗಿ ಬರೆಯುತ್ತಿದ್ದ ಸಾಲು:

‘ಸಂಜೆ ಮಕ್ಕಳನ್ನೆಲ್ಲ ಮನೆಗೆ ಬಿಡೋ ತನಕ ಫೋನ್ ಮಾಡಬೇಡಿ. ಗಾಡಿ ಓಡಿಸ್ತಾ ಇರ್ತಾ’

ಅಲ್ಲಿಗೆ ನಿಂತಿತ್ತು. ಆ ಅಕ್ಷರದ ಪಕ್ಕದಲ್ಲಿ ಸಣ್ಣ ಗೀಟೊಂದು ನಿನ್ನೆಯಿಂದ ಮಿನುಗುತ್ತಲೇ ಇತ್ತು, ಮುಂದಿನ ಅಕ್ಷರಕ್ಕಾಗಿ ಕಾಯುತ್ತ.

ನಿನ್ನೆ ಕೊನೆಯ ಮಗುವನ್ನು ಮನೆ ಬಾಗಿಲಿಗೆ ಬಿಟ್ಟು, ವ್ಯಾನು ನಿಲ್ಲಿಸಿ, ಕೀಲಿ ತೆಗೆದ ಮೇಲೆ ಅವನ ಫೋನು ಬಡಿದುಕೊಂಡಿತ್ತು. ಅವನು ಅದನ್ನು ನೆನೆದು ಮೇಜಿನ ಅಂಚು ಹಿಡಿದುಕೊಂಡ.

“‘ಉಳಿಸು’ ಅಂತ ಒತ್ತಿದ್ರೆ ಮುಚ್ಚುತ್ತೆ,” ಎಂದಳು ಗುಬ್ಬಿ ಬಾಗಿಲಿನಿಂದ.

“ತಡಿ.”

‘ರೆ’ ಎಲ್ಲಿದೆಯೆಂದು ಅವನಿಗೆ ತಿಳಿಯಲಿಲ್ಲ. ಕೀಲಿಮಣೆಯ ಮೇಲೆ ಬೆರಳಾಡಿಸಿ ಹುಡುಕಿದ. ತಪ್ಪು ಅಕ್ಷರ ಬಂತು, ಅಳಿಸಿದ, ಮತ್ತೆ ಹುಡುಕಿದ. ಅವಸರ ಮಾಡಲಿಲ್ಲ. ಅಕ್ಷರ ಸಿಕ್ಕ ಮೇಲೆ ಒಂದು ಚುಕ್ಕೆ ಇಟ್ಟ. ಆಮೇಲೆ ಒತ್ತಿದ.

ಕೆಳಗೆ ಚೀಟಿ ಅಚ್ಚಾಗಿ ಬಂದಿತ್ತು. ಕಾವಲಿನವನು ಅದನ್ನು ಬೆಳಕಿಗೆ ಹಿಡಿದು ಓದಿದ, ಇನ್ನೊಮ್ಮೆ ಓದಿದ. ‘ಕೊನೆಯದಾಗಿ ತಿದ್ದಿದವರು’ ಎಂಬಲ್ಲಿ ಸತ್ತವಳ ಹೆಸರಿತ್ತು. ಪಕ್ಕದಲ್ಲಿ ಇವತ್ತಿನ ತಾರೀಕು.

“ಇದು ಹೀಗೇ ಇರ್ಲಾ ಸ್ವಾಮಿ?”

“ಇರ್ಲಿ,” ಎಂದ ವ್ಯಾನಿನವನು.

ಕಾವಲಿನವನು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಉಕ್ಕಿನ ಬಾಗಿಲು ಎಳೆದ.

ಬೇರೆ ಗಾಡಿ ಸಿಗಲಿಲ್ಲ. ನಡುವಿನ ಸೀಟುಗಳನ್ನು ಬಿಚ್ಚಿ, ಅವಳನ್ನು ಅವನದೇ ಹಳದಿ ವ್ಯಾನಿನಲ್ಲಿ ಮಲಗಿಸಿದರು. ಅತ್ತಿಗೆ ಹಿಂದೆ ತಂಗಿಯ ತಲೆಯ ಬಳಿ ಕೂತಳು. ಗುಬ್ಬಿ ಕಾಲ ಬಳಿ. ಸ್ಮಶಾನಕ್ಕೆ ಹೋಗುವ ದಾರಿ ಶಾಲೆಯ ದಾರಿಯೇ. ಅವನು ಮಕ್ಕಳಿರುವಾಗ ಎಷ್ಟು ನಿಧಾನವೋ ಅಷ್ಟೇ ನಿಧಾನವಾಗಿ ಓಡಿಸಿದ.

ಮೊದಲ ತಿರುವಿನ ಬೇಲಿಯ ಬಳಿ ವ್ಯಾನು ನಿಂತಿತು. ಸನ್ನೆಯ ದೀಪ ಟಿಕ್ ಟಿಕ್ ಎಂದಿತು.

“ಯಾಕಪ್ಪ, ಏನಾಯ್ತು?” ಎಂದಳು ಅತ್ತಿಗೆ.

ಅವನ ಕೈ ಪಕ್ಕದ ಹಿಡಿಯನ್ನು ಎಳೆಯಿತು. ಬಾಗಿಲು ಸರಿದು ತೆರೆದುಕೊಂಡಿತು. ಹೊರಗೆ ಬೇಲಿ, ಬಿಸಿಲು, ಯಾರೂ ಇಲ್ಲದ ಕಾಲುದಾರಿ. ಒಂದು ಮಗು ಮೆಟ್ಟಿಲು ಹತ್ತಿ, ಚೀಲ ಇಳಿಸಿ, ಕೂರುವಷ್ಟು ಹೊತ್ತು ಅವನು ಕಾದ. ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದ. ಬಾಗಿಲು ಮುಚ್ಚಿ, ಮುಂದಿನ ನಿಲ್ದಾಣದ ಕಡೆಗೆ ಹೊರಟ.