ಒಂದೇಗೆರೆಯ ಕೈ ನಡುಗಿದ ದಿನ

ಗಾಜಿನಂಗಡೀಲಿ ಅವನನ್ನ ಯಾರೂ ಹೆಸರು ಹಿಡಿದು ಕರೀತಿರ್ಲಿಲ್ಲ, ಒಂದೇಗೆರೆ ಅಂತಿದ್ರು. ಗಾಜು ಕೊಯ್ಯೋ ಕೆಲಸವೇ ಹಾಗೆ, ಕಟರ್ ಇಟ್ರೆ ಒಂದೇ ಸಲಕ್ಕೆ ಗೆರೆ ಎಳೀಬೇಕು. ಮಧ್ಯೆ ನಿಂತ್ರೆ ಕೆಡ್ತು. ಅದೇ ಗೆರೆ ಮೇಲೆ ಎರಡನೇ ಸಲ ಓಡಿಸಿದ್ರೆ ಗಾಜು ತನಗಿಷ್ಟ ಬಂದ ಕಡೆ ಸೀಳ್ಕೊಂಡು ಹೋಗುತ್ತೆ. ಅವನು ಎಳೆದ ಗೆರೆ ಹಿಡಿದು ಹೊರಟ ಕುರುಡು ಇರುವೆ ಕೂಡ ದಾರಿ ತಪ್ಪದೆ ಮನೆ ಸೇರ್ತಿತ್ತು.

ಕುಡಿಯೋದರಲ್ಲೂ ಅಷ್ಟೇ ಗಟ್ಟಿಗ. ಅವನನ್ನ ಕಚ್ಚಿದ ಸೊಳ್ಳೆ ಮೂರು ದಿನ ಗೋಡೆ ಹಿಡ್ಕೊಂಡು ನಡೀತಿತ್ತು. ಬೆಳಿಗ್ಗೆ ಎದ್ರೆ ಕೈ ಗಡಗಡ, ಒಂದು ಗುಟುಕು ಒಳಗಿಳಿದ್ರೆ ಕೈ ಬಂಡೆಗಲ್ಲು. ಅದನ್ನ ಕಂಡು ಅಂಗಡಿಯವರು ಎಲ್ಲಾ ಆ ಗುಟುಕಿನ ಮಹಿಮೆ ಅಂದ್ಕೊಂಡ್ರು. ದೊಡ್ಡ ಗಾಜು ಬಂದ್ರೆ ಸಾಹುಕಾರನೇ ಬಾಟ್ಲಿ ತಂದು ಮೇಜಿನ ಮೇಲಿಡೋನು.

ಹೆಂಡತಿ ಅದೇ ಅಂಗಡೀಲಿ ಗಾಜಿನ ಅಂಚು ಉಜ್ಜೋಳು. ಒಂದು ಗುಟುಕು ನಾಲ್ಕಾಗಿ, ನಾಲ್ಕು ಹೋಗಿ ಬಾಟ್ಲಿಯಾಗಿದ್ದನ್ನ ಕಣ್ಣಾರೆ ಕಂಡೋಳು. ಕಡೇ ಎರಡು ವರ್ಷ ಅವನು ಬೆಳಿಗ್ಗೆ ತಲೆ ಎತ್ತೋಕೂ ಆಗ್ದೆ ಬಿದ್ದಿರೋನು. ಇವಳು ಎಲ್ಲರಿಗಿಂತ ಮುಂಚೆ ಹೋಗಿ, ಅವನ ಪಾಲಿನ ಗಾಜನ್ನೆಲ್ಲ ತಾನೇ ಕೊಯ್ದು, ಅವನ ಮೇಜಿನ ಮೇಲೆ ಜೋಡಿಸಿ, ಹಾಲು ಕುಡಿದ ಬೆಕ್ಕಿನ ಹಾಗೆ ಸಾಣೆಕಲ್ಲಿನ ಮುಂದೆ ಕೂರೋಳು. ಬಂದೋರು, ಅವನೇ ರಾತ್ರಿ ಕೊಯ್ದಿಟ್ಟು ಹೋಗಿದ್ದಾನೆ ಅಂದ್ಕೊಂಡು, ಎಷ್ಟು ಕುಡಿದ್ರೂ ಆ ಕೈ ನೋಡಯ್ಯ ಅನ್ನೋರು. ಬೆವರು ಇವಳದ್ದು, ಬಿರುದು ಬಾಟ್ಲೀದು. ಗಂಡನ ಮಾನ ಅಂತ ಇವಳು ತುಟಿ ಬಿಚ್ಚಲಿಲ್ಲ.

ಆಮೇಲೊಂದು ದಿನ ಅವನು ರಕ್ತ ಕಾರ್ಕೊಂಡು ಆಸ್ಪತ್ರೆ ಸೇರಿದ. ಇನ್ನೊಂದು ಹನಿ ಬಿದ್ರೆ ನಾವು ಬೇಡ, ಹೊರೋರೇ ಸಾಕು ಅಂದ್ರು ಡಾಕ್ಟರು. ಬಿಟ್ಟ. ನಲವತ್ತು ದಿನ ಹಲ್ಲು ಕಚ್ಚಿ ಇದ್ದ. ಕೈ ಮಾತ್ರ ನಡುಗ್ತಾನೇ ಇತ್ತು.

ಕೆಲಸಕ್ಕೆ ವಾಪಸ್ ಬಂದ ದಿನವೇ ಎಂಟಡಿ ಕನ್ನಡಿ ಕೊಯ್ಯೋದಿತ್ತು. ಇದ್ದಿದ್ದು ಅದೊಂದೇ. ಗಿರಾಕಿ ಗಾಡಿ ತಂದು ಬಾಗಿಲಲ್ಲೇ ನಿಲ್ಲಿಸಿದ್ದ. ಒಂದೇಗೆರೆ ಕೈಯಲ್ಲಿ ಕಟರ್ ಕುಣಿಯೋದು ನೋಡಿ ಸಾಹುಕಾರ ಹಳೇ ಅಭ್ಯಾಸದಂತೆ ಬಾಟ್ಲಿ ತಂದಿಟ್ಟ.

"ನಾಲಿಗೆ ಒದ್ದೆ ಮಾಡ್ಕೊಳಯ್ಯ. ಇಲ್ದಿದ್ರೆ ನಾಳೆಯಿಂದ ಈ ಮೇಜಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಔಷಧಿ ಅಂದ್ಕೊಂಡು ಕುಡಿ ಅಂದ ಒಬ್ಬ. ಹೆಂಡತಿ ಕಣ್ಸನ್ನೆ ಬೇಕೇನೋ ಅಂತ ನಕ್ಕ ಇನ್ನೊಬ್ಬ. ತಾನು ಬಾಯಿ ಬಿಟ್ರೆ ಇವನು ಛಲಕ್ಕೆ ಬಿದ್ದು ಕುಡಿದೇಬಿಡ್ತಾನೆ ಅಂತ ಅವಳಿಗೆ ಗೊತ್ತು. ಸಾಣೆಕಲ್ಲು ಪುಡಿಯಾಗೋ ಹಾಗೆ ಹಿಡ್ಕೊಂಡು ಕೂತಳು.

ಅವನು ಎರಡೂ ಕೈಲಿ ಬಾಟ್ಲಿ ಎತ್ತಿದ. ಎತ್ತಿ, ಸಾಹುಕಾರನ ಕೈಗೆ ಇಟ್ಟ.

"ಎರಡು ವರ್ಷದಿಂದ ಈ ಮೇಜಿನ ಮೇಲೆ ನೀವು ಹೊಗಳಿದ ಗಾಜೆಲ್ಲ ಕೊಯ್ದಿದ್ದು ಇವಳು," ಅಂದ. "ಕುಡಿದು ಅಲ್ಲ, ಬರೀ ಹೊಟ್ಟೇಲಿ. ನನ್ನ ಕೈ ಹಾಳಾಗಿದೆ, ಅದನ್ನ ಹಾಳು ಮಾಡಿದ್ದೇ ಇದು. ಬಾರೇ, ಹಿಡಿ."

ಸಾಹುಕಾರನ ಹುಬ್ಬು ಮೇಲೇರಿ ನೆತ್ತಿ ದಾಟ್ತು. ಅವಳು ಸೆರಗಿಗೆ ಕೈ ಒರೆಸಿ ಎದ್ದಳು. ಸಾಹುಕಾರ, ಅಮ್ಮಾ, ಇದೊಂದೇ ಕನ್ನಡಿ ಇರೋದು ಅಂತ ಶುರು ಮಾಡಿದ.

"ಅದಕ್ಕೇ ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ನಿಂತಿದ್ದೀರಿ," ಅಂದಳು.

ಉಸಿರು ಹಿಡಿದು ಕಟರ್ ಇಟ್ಟು ಎಳೆದಳು. ಕರ್ರ್ ಅಂತ ಒಂದೇ ದನಿ, ಆ ತುದಿಯಿಂದ ಈ ತುದಿಗೆ. ಕೆಳಗಿಂದ ಮೆಲ್ಲಗೆ ತಟ್ಟಿ ಅದುಮಿದ್ರೆ ಕನ್ನಡಿ ಬೆಣ್ಣೆ ಹಾಗೆ ಎರಡಾಯ್ತು. ಸಾಹುಕಾರ ಬಾಟ್ಲೀನ ಎಲ್ಲಿಡೋದು ಅಂತ ತಿಳೀದೆ ಬೆನ್ನ ಹಿಂದೆ ಇಟ್ಕೊಂಡ. ನಾಳೆಯಿಂದ ಮೇಜು ನಿಂದೇ ತಾಯಿ ಅಂದ.

ಸಂಜೆ ಮನೆಗೆ ಹೋಗೋವಾಗ ಗಂಡ ದಾರೀಲಿ ಸಿಕ್ಕೋರನ್ನೆಲ್ಲ ನಿಲ್ಲಿಸಿ, ನಮ್ಮನೆಯವಳು ಇವತ್ತು ಹತ್ತಡಿ ಕನ್ನಡಿ ಕೊಯ್ದಳು ಅಂದ. ಮುಂದಿನ ತಿರುವಲ್ಲಿ ಅದು ಹದಿನಾಲ್ಕಡಿ ಆಯ್ತು. ಮನೆ ಮುಟ್ಟೋ ಹೊತ್ತಿಗೆ ಇಪ್ಪತ್ತು ದಾಟಿತ್ತು. ಅವಳು ತಲೆ ಎತ್ತಿ ಪಕ್ಕದಲ್ಲೇ ನಡೀತಿದ್ದಳು, ಒಂದಡೀನೂ ಕಮ್ಮಿ ಮಾಡಲಿಲ್ಲ.