ಕುಲುಮೆ ಕೋಣೆಯ ಅಪ್ಪಂದಿರು

ಟೈಲರಮ್ಮನ ಗಂಡ ಡಾಕ್ಟರ ಚೀಟಿಯನ್ನು ಒಂಬತ್ತು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಕಾರ್ಖಾನೆಗೆ ಹೋಗುವಾಗ ಜೇಬಿನಲ್ಲಿರುತ್ತಿತ್ತು, ವಾಪಸು ಬರುವಾಗಲೂ ಅಲ್ಲೇ ಇರುತ್ತಿತ್ತು. ಕೇಳಿದರೆ ಮರೆತೆ ಎನ್ನುತ್ತಿದ್ದ. ಹತ್ತನೇ ದಿನ ಬೆಳಿಗ್ಗೆ ಅವಳೇ ಅವನ ಜೇಬಿಗೆ ಕೈ ಹಾಕಿ ಚೀಟಿ ಕಿತ್ತುಕೊಂಡಳು. ಮಧ್ಯಾಹ್ನ, ಅರ್ಧ ಹೊಲಿದ ಲಂಗವನ್ನು ಮೆಷಿನ್ನಿನ ಮೇಲೇ ಬಿಟ್ಟು, ಊಟದ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಗೇಟಿಗೆ ಹೋದಳು.

ಚೀಟಿಯಲ್ಲಿದ್ದದ್ದು ಇಷ್ಟೇ: ಈ ಮನುಷ್ಯನ ರಕ್ತದಲ್ಲಿ ಸೀಸ ಇರಬಾರದಷ್ಟು ಇದೆ, ಸೀಸ ಕರಗಿಸುವ ಕೆಲಸದಿಂದ ಇವನನ್ನು ಕೂಡಲೇ ತೆಗೆಯಿರಿ. ಡಾಕ್ಟರು ಬಾಯಲ್ಲಿ ಹೇಳಿದ್ದು ಬೇರೆ ಇತ್ತು. ಇವನ ವೀರ್ಯದಲ್ಲಿ ಜೀವ ಇರುವ ಕಣವನ್ನು ದುರ್ಬೀನು ಹಾಕಿ ಹುಡುಕಬೇಕು ಎಂದಿದ್ದರು. ಆ ಕೆಲಸ ಬಿಟ್ಟರೆ ಕೆಲವು ತಿಂಗಳಲ್ಲಿ ಸುಧಾರಿಸಬಹುದು, ಖಾತ್ರಿ ಕೊಡಲಾರೆ. ಅಲ್ಲೇ ಇದ್ದರೆ ಮಾತ್ರ ಮಗುವಿನ ಆಸೆ ಬಿಟ್ಟುಬಿಡಿ ಎಂದೂ ಹೇಳಿದ್ದರು. ಅವಳಿಗೆ ಆಗಲೇ ಮೂವತ್ತೇಳು. ಇವನು ಮರೆತೆ ಮರೆತೆ ಎನ್ನುತ್ತ ಕೂತರೆ ಅವಳ ವಯಸ್ಸು ಕಾಯುತ್ತ ಕೂರುವುದಿಲ್ಲ.

ಹಳೇ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ, ಹೊಸದಕ್ಕೆ ಪ್ಲೇಟು ಹೊಯ್ಯುವ ಕಾರ್ಖಾನೆ ಅದು. ಗೋಡೆ, ಗೇಟು, ಗೇಟಿನ ಪಕ್ಕದ ಗಿಡದ ಎಲೆ, ಎಲ್ಲದರ ಮೇಲೂ ಒಂದೇ ಬೂದು ಧೂಳು. ಬೆಂಚಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದವರಲ್ಲಿ ದಪ್ಪ ಮೀಸೆಯ ಆಸಾಮಿಯೊಬ್ಬ ಎದ್ದು ಜಾಗ ಬಿಟ್ಟ. ಗಂಡನ ಜೊತೆ ಕುಲುಮೆ ಕೋಣೆಯಲ್ಲಿ ಕರಗಿದ ಸೀಸದ ಮೇಲಿನ ಕಿಟ್ಟ ತೆಗೆಯುವವನು. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಅವನು ಒಳಗೆ ಕೈ ತೊಳೀತಿದಾನೆ. ದೊಡ್ಡವಳಿಗೆ ಮುಂದಿನ ಹಲ್ಲು ಬಂತಾ?"

"ಯಾರಿಗೆ?"

"ನಿಮ್ಮ ಮಗಳಿಗೆ! ಹಲ್ಲು ಬಿದ್ದು ಮಾತೆಲ್ಲ ಪುಸ್ ಪುಸ್ ಅಂತಿದೆ ಅಂತ ಅವನು ಹೇಳ್ತಿದ್ದ, ನಕ್ಕೂ ನಕ್ಕೂ ಸಾಕಾಯ್ತು. ಚಿಕ್ಕವನು ಇನ್ನೂ ಹಾಸಿಗೆ ಒದ್ದೆ ಮಾಡ್ತಾನಾ? ನಂದು ಮೂರೂ ಗಂಡು. ಮೂರೂ ಹಾಗೇ ಇದ್ವು, ಈಗ ಸರಿಹೋದ್ವು, ತಲೆ ಕೆಡಿಸ್ಕೋಬೇಡಿ."

ಟೈಲರಮ್ಮ ಬೆಪ್ಪಾಗಿ ನೋಡಿದಳು. ಹಲ್ಲು ಬಿದ್ದ ಹುಡುಗಿ ಯಾರೆಂದು ಅವಳಿಗೆ ಗೊತ್ತಿತ್ತು. ಅವರ ಮನೆಯ ಕೆಳಗಿನ ಭಾಗದಲ್ಲಿರುವ ಭಾವನ ಮಗಳು. ಹಾಸಿಗೆ ಒದ್ದೆ ಮಾಡುವವನು ಭಾವನ ಮಗ. ಭಾವ ಎಂದರೆ ಗಂಡನ ಅಣ್ಣ, ಇದೇ ಕಾರ್ಖಾನೆಯ ಮೇಸ್ತ್ರಿ. ಅವಳು ಚೀಟಿ ಕೊಡಲು ಬಂದಿದ್ದೂ ಅವನಿಗೇ.

"ನಮಗೆ ಮಕ್ಕಳಿದಾರೆ ಅಂತ ಯಾರು ಹೇಳಿದ್ದು ನಿಮಗೆ?" ಎಂದಳು.

ಮೀಸೆ ನಕ್ಕುಬಿಟ್ಟ. "ಇಲ್ದಿದ್ರೆ ಕುಲುಮೆ ಕೋಣೆಗೆ ಹೇಗೆ ತಗೊಳ್ತಾರೆ ಅಕ್ಕಾ? ಕಮ್ಮಿ ಅಂದ್ರೂ ಎರಡು ಮಕ್ಕಳ ಅಪ್ಪ ಆಗಿರ್ಬೇಕು ಅಂತ ಮಾಲೀಕರ ರೂಲು. ಕೂಲಿ ಜಾಸ್ತಿ ಸುಮ್ನೆ ಕೊಡ್ತಾರಾ? ಆ ಕೋಣೆಗೆ ಹೋದ್ಮೇಲೆ..." ಅಷ್ಟಕ್ಕೆ ನಿಲ್ಲಿಸಿ ಹೆಂಗಸಿನ ಮುಂದೆ ಆಡಬಾರದ್ದು ಆಡಿದೆನೆಂದು ನಾಲಿಗೆ ಕಚ್ಚಿಕೊಂಡ.

ಟೈಲರಮ್ಮ ಚೀಟಿ ಯಾರಿಗೂ ಕೊಡದೆ ಎದ್ದುಬಂದಳು.

ಸಂಜೆ ಗಂಡ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಕೇಳಿದಳು: "ನಮ್ಮ ಮಗಳಿಗೆ ಹಲ್ಲು ಬಂತಾ?"

ಅವನು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತ. ಸುಳ್ಳು ಹೇಳಲು ನೋಡಿದ, ಆಗಲಿಲ್ಲ. "ಅಣ್ಣನೇ ಫಾರಂ ತುಂಬಿಸಿದ್ದು. ತನ್ನ ಮಕ್ಕಳ ಹೆಸರೇ ಬರೆಸಿದ. ಆ ಕೋಣೆಗೆ ಜನ ಸಿಗ್ತಿರಲಿಲ್ಲ."

"ಮಕ್ಕಳಿದಾವಾ ಅಂತ ಯಾಕೆ ಕೇಳ್ತಾರೆ ಅಂತ ಗೊತ್ತಿತ್ತಾ?"

ಅವನು ಬಗ್ಗಿ ಇನ್ನೊಂದು ಚಪ್ಪಲಿ ಬಿಡತೊಡಗಿದ.

"ಗೊತ್ತಿತ್ತಾ ಅಂತ ಕೇಳ್ದೆ."

"ಗೊತ್ತಿತ್ತು. ಎಲ್ಲರಿಗೂ ಗೊತ್ತು. ಎರಡು ವರ್ಷ ಇದ್ದು ಬಂದ್ಬಿಡೋಣ ಅಂದ್ಕೊಂಡಿದ್ದೆ. ಎಲ್ಲರಿಗೂ ಹಾಗೇ ಆಗುತ್ತೆ ಅಂತೇನಿಲ್ಲವಲ್ಲ."

ಈಗ ಐದು ವರ್ಷವಾಗಿತ್ತು. ಆ ಐದು ವರ್ಷದಲ್ಲಿ ನಾಲ್ಕು ವರ್ಷ ಅವಳು ಆಸ್ಪತ್ರೆಗೆ ಎಡತಾಕಿದ್ದಳು. ಅವಳ ಪರೀಕ್ಷೆಗಳ ಕಡತ ಒಂದು ಚೀಲ ತುಂಬುವಷ್ಟಿತ್ತು. ಇವನನ್ನು ಒಂದೇ ಒಂದು ಪರೀಕ್ಷೆಗೆ ಕರೆದುಕೊಂಡು ಹೋಗಲು ಮೊನ್ನೆ ಅವಳು ಎರಡು ದಿನ ಊಟ ಬಿಡಬೇಕಾಯಿತು. ಹೊಲಿಗೆ ಮೆಷಿನ್ ತುಳಿದು ತುಳಿದು ಅವಳ ಹೊಟ್ಟೆ ಒಣಗಿಹೋಗಿದೆ ಎಂದು ಕೆಳಮನೆಯ ಓರಗಿತ್ತಿ ಬೀದಿಗೆಲ್ಲ ಸಾರಿದ್ದಳು. ಮಗಳು ಮೇಲೆ ಬಂದು ಚಿಕ್ಕಮ್ಮನ ತೊಡೆ ಏರಿದರೆ ಏನಾದರೊಂದು ನೆಪ ತೆಗೆದು ಕೆಳಗೆ ಕರೆಸಿಕೊಳ್ಳುತ್ತಿದ್ದಳು. ಅದನ್ನೆಲ್ಲ ಇವನು ಬಾಯಿಗೆ ಬೀಗ ಹಾಕಿಕೊಂಡು ಕೇಳಿಸಿಕೊಂಡಿದ್ದ.

"ನನ್ನ ಹೊಟ್ಟೆಗೆ ಸೂಜಿ ಚುಚ್ಚುವಾಗ ಪಕ್ಕದಲ್ಲಿ ಹತ್ತಿ ಹಿಡ್ಕೊಂಡು ನಿಂತಿದ್ಯಲ್ಲೋ," ಎಂದಳು. ಮದುವೆಯಾದಂದಿನಿಂದ ಅವನಿಗೆ ಒಂದು ದಿನವೂ ಏಕವಚನ ಆಡಿದವಳಲ್ಲ. "ರಕ್ತ ಬಂತು, ಒತ್ತಿ ಹಿಡ್ಕೋ ಅಂದೆ ನೀನು. ಅಷ್ಟು ಹೇಳೋಕೆ ಬಾಯಿತ್ತು ನಿಂಗೆ!"

ಅವನು ಅಳತೊಡಗಿದ. ಅವಳಿಗೆ ಅಯ್ಯೋ ಎನ್ನಿಸಲಿಲ್ಲ, ಅಸಹ್ಯವಾಯಿತು. ರಟ್ಟೆ ಹಿಡಿದು ಮೆಟ್ಟಿಲಿಳಿಸಿ ಭಾವನ ಮನೆಗೆ ಎಳೆದೊಯ್ದಳು.

ಭಾವ ಕಾಲು ಚಾಚಿಕೊಂಡು ಟೀ ಕುಡಿಯುತ್ತಿದ್ದ. ಓರಗಿತ್ತಿ ಮಗಳ ತಲೆ ಬಾಚುತ್ತಿದ್ದಳು. ಟೈಲರಮ್ಮ ಹುಡುಗಿಯ ಪಕ್ಕದಲ್ಲಿ ಕೂತು, "ಅಕ್ಕಾ, ಇವಳ ಬಟ್ಟೆ ಒಂದು ಚೀಲಕ್ಕೆ ಹಾಕ್ಕೊಡಿ. ಚಿಕ್ಕವನದ್ದೂ," ಎಂದಳು. "ಕಾರ್ಖಾನೆ ಕಾಗದದಲ್ಲಿ ಇವೆರಡೂ ನನ್ನ ಮಕ್ಕಳಂತೆ. ಭಾವನೇ ಬರೆಸಿಕೊಟ್ಟಿದಾರೆ."

ಓರಗಿತ್ತಿಯ ಕೈಯ ಬಾಚಣಿಗೆ ನಿಂತಿತು. ಅವಳಿಗೆ ಇದು ಗೊತ್ತೇ ಇರಲಿಲ್ಲ. "ಏನ್ರೀ ಇದು?" ಎಂದು ಗಂಡನ ಕಡೆ ತಿರುಗಿದಳು.

"ಕೂಗಾಡ್ಬೇಡ, ಬರೀ ಕಾಗದ ಅದು," ಎಂದ ಭಾವ. ಆಮೇಲೆ ಟೈಲರಮ್ಮನ ಮೇಲೆ ರೇಗಿದ. "ಚೀಟಿ ಹಿಡ್ಕೊಂಡು ಆಫೀಸಿಗೆ ಹೋಗ್ತೀಯಾ? ಹೋಗು. ಸುಳ್ಳು ಬರೆದಿದ್ದಕ್ಕೆ ಮೊದಲು ನಿನ್ನ ಗಂಡನ್ನೇ ಕತ್ತು ಹಿಡಿದು ದಬ್ತಾರೆ. ಆ ಕುಲುಮೆ ಹತ್ರ ಯಾರನ್ನ ನಿಲ್ಲಿಸ್ಲಿ ನಾನು?"

"ಎರಡು ಮಕ್ಕಳ ಅಪ್ಪ ಬೇಕು ತಾನೆ ಆ ಕೋಣೆಗೆ? ಒಬ್ಬರು ಇಲ್ಲೇ ಕೂತು ಟೀ ಕುಡೀತಿದಾರಲ್ಲ. ಹೋಗಿ ನಿಂತ್ಕೊಳ್ಳಿ."

ಭಾವನ ಮುಖ ಕಪ್ಪಿಟ್ಟಿತು. ಐದು ವರ್ಷದಲ್ಲಿ ಆ ಕೋಣೆಯ ಹೊಸ್ತಿಲು ದಾಟದ ಮನುಷ್ಯ. ಏನಿದ್ದರೂ ಮೂಗಿಗೆ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತು ಕೂಗುತ್ತಿದ್ದ. ಓರಗಿತ್ತಿ ಮಗಳನ್ನು ಒಳಗೆ ಕಳಿಸಿ ಬಂದು, ಟೈಲರಮ್ಮನ ಮುಖ ನೋಡಲಾಗದೆ, ಗಂಡನ ಮುಖವನ್ನೇ ದುರುಗುಟ್ಟಿ ನೋಡುತ್ತ ನಿಂತಳು. ಕೊನೆಗೆ ಅವನು, "ಆಯ್ತು ಮಾರಾಯ್ತಿ, ನಾಳಿದ್ದಿಂದ ಪ್ಯಾಕಿಂಗಿಗೆ ಹಾಕ್ತೀನಿ," ಎಂದ.

ಆಗ ಬಾಯಿ ಬಿಟ್ಟ ಗಂಡ. "ಬೇಡ ಅಣ್ಣ."

ಮೂವರೂ ಅವನತ್ತ ತಿರುಗಿದರು.

"ಕೋಣೆ ಬಿಟ್ರೆ ಯಾಕೆ ಬಿಟ್ಟೆ ಅಂತ ಕೇಳ್ತಾರೆ. ಮಕ್ಕಳಿಲ್ಲ ಅಂತ ಗೊತ್ತಾಗುತ್ತೆ. ಐದು ವರ್ಷ ಅವರ ಮುಂದೆ ಹೋಂವರ್ಕು, ಜ್ವರ, ಹಲ್ಲು ಅಂತ ಹೇಳ್ಕೊಂಡ್ ಬಂದಿದೀನಿ. ನನ್ನ ಮುಖಕ್ಕೇ ನಗ್ತಾರೆ. ನಾನು ಅಲ್ಲೇ ಇರ್ತೀನಿ."

ಟೈಲರಮ್ಮನಿಗೆ ಅಷ್ಟು ಹೊತ್ತು ಇದ್ದ ಸಿಟ್ಟೆಲ್ಲ ಆರಿಹೋಯಿತು. ಹುಟ್ಟಬಹುದಾದ ಮಗುವಿಗಿಂತ ಇವನಿಗೆ ಬಾಯಲ್ಲಿ ಹುಟ್ಟಿಸಿದ ಮಕ್ಕಳೇ ಹೆಚ್ಚಾಗಿದ್ದವು. ಅವಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಮೆಟ್ಟಿಲ ಮೇಲೆ ಮಲಗಿದ.

ಮಾರನೇ ದಿನ ಊಟದ ಹೊತ್ತಿಗೆ ಮತ್ತೆ ಗೇಟಿನ ಹತ್ತಿರ ಹೋದಳು. ಬೆಂಚಿನ ಮೇಲೆ ಏಳೆಂಟು ಜನ, ನಡುವೆ ಗಂಡ. ಭಾವ ಗೇಟಿಗೆ ಒರಗಿ ಹಲ್ಲು ಕೆದಕಿಕೊಳ್ಳುತ್ತಿದ್ದ. ಅವಳನ್ನು ಕಂಡದ್ದೇ ಗಂಡ ಅರ್ಧ ಎದ್ದ.

"ಕೂತ್ಕೋ," ಎಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನಮಗೆ ಮಕ್ಕಳಿಲ್ಲ. ಇವನು ಹೇಳ್ತಿದ್ದ ಮಕ್ಕಳು ನಿಮ್ಮ ಮೇಸ್ತ್ರಿದು. ಕುಲುಮೆ ಕೋಣೆಯ ಸೀಸ ಇವನ ರಕ್ತಕ್ಕೆ ಸೇರಿದೆ, ಅದಕ್ಕೇ ಆಗಿಲ್ಲ. ಡಾಕ್ಟರು ಬರೆದುಕೊಟ್ಟಿದಾರೆ," ಎಂದು ಚೀಟಿಯನ್ನು ಭಾವನ ಕೈಗೆ ತುರುಕಿದಳು. "ಈಗ ಗುಟ್ಟು ಏನೂ ಉಳಿದಿಲ್ಲ. ಇನ್ನು ಇವನು ಆ ಕೋಣೆಗೆ ಹೋಗಲ್ಲ."

ಯಾರೂ ನಗಲಿಲ್ಲ. ನಗುತ್ತಾರೆಂದು ಗಂಡ ತಲೆ ತಗ್ಗಿಸಿಕೊಂಡು ಕಾದಿದ್ದ, ಒಬ್ಬನೂ ನಗಲಿಲ್ಲ. ಒಬ್ಬ ಡಬ್ಬಿ ಮುಚ್ಚಿದ, ಇನ್ನೊಬ್ಬ ತುತ್ತು ಹಿಡಿದ ಕೈಯನ್ನು ಹಾಗೇ ಕೆಳಗಿಳಿಸಿದ. ಭಾವ ಚೀಟಿ ಮಡಚಿ ಜೇಬಿಗಿಟ್ಟು, ಯಾರನ್ನೂ ನೋಡದೆ, "ಪ್ಯಾಕಿಂಗಿಗೆ ನಡಿ," ಎಂದು ತಮ್ಮನಿಗೆ ಗೊಣಗಿದ.

ಅವಳು ಬೀದಿಯ ತಿರುವಿಗೆ ಬಂದಾಗ ಹಿಂದೆ ಯಾರೋ ಓಡಿಬಂದ ಸದ್ದಾಯಿತು. ಮೀಸೆ. ಏದುಸಿರು ಬಿಡುತ್ತ ನಿಂತ. ಆ ಮೀಸೆಯ ಮೇಲೂ ಬೂದು ಧೂಳು ಕೂತಿತ್ತು.

"ಅಕ್ಕಾ, ಆ ಡಾಕ್ಟರು ಎಲ್ಲಿ ಕೂರ್ತಾರೆ?"

"ನಿಮಗ್ಯಾಕೆ? ಮೂರು ಗಂಡು ಮಕ್ಕಳಿದಾವಲ್ಲ."

ಅವನು ಕಾರ್ಖಾನೆಯ ಕಡೆ ಒಮ್ಮೆ ತಿರುಗಿ ನೋಡಿದ. "ಅವು ನಮ್ಮ ತಂಗಿ ಮಕ್ಕಳು."

ಟೈಲರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಸೀಸದ ವಿಷಯ ನಿಮ್ಮ ಹೆಂಡತಿಗೆ ಗೊತ್ತಾ?"

"ಇಲ್ಲ. ಅವಳು ಮಕ್ಕಳಾಗ್ಲಿ ಅಂತ ಎರಡು ವರ್ಷದಿಂದ ಮಾತ್ರೆ ತಗೊಳ್ತಿದಾಳೆ."

"ಮೊದಲು ಅವಳಿಗೆ ಹೇಳಿ," ಎಂದಳು ಟೈಲರಮ್ಮ. "ಹೇಳಿ, ಅವಳನ್ನ ನನ್ನ ಹತ್ರ ಕಳಿಸಿ. ಡಾಕ್ಟರು ಎಲ್ಲಿ ಕೂರ್ತಾರೆ ಅಂತ ಅವಳಿಗೆ ಹೇಳ್ತೀನಿ."